ಪೆಟ್ಟಿಗೆ ಹಂಚುವ ಮುಂಚೆ ಸುತ್ತಲಿನ ಮಣ್ಣು ನೋಡಿ

ಜೇನು ಕೃಷಿ ಯೋಜನೆಗಳನ್ನು ನಡೆಸುವ ಅಧಿಕಾರಿಗಳಿಗೆ, ಜೊತೆಗೆ ಪೆಟ್ಟಿಗೆ ಇಟ್ಟಿರುವ ಮತ್ತು ಇಡಬೇಕು ಅಂತಿರುವ ಎಲ್ಲರಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಜೇನು ಯೋಜನೆ ಅಂದ ಮೇಲೆ ಅಲ್ಲಿ ಒಂದಿಷ್ಟು ಲೆಕ್ಕ ಇರುತ್ತದೆ. ಎಷ್ಟು ಪೆಟ್ಟಿಗೆ ಹಂಚಿದಿರಿ, ಎಷ್ಟು ಜನಕ್ಕೆ ತರಬೇತಿ ಆಯಿತು, ಎಷ್ಟು ಜೇನುತುಪ್ಪ ಬಂತು. ಇದೆಲ್ಲ ಬೇಕಾದದ್ದೇ, ಬೇಡ ಅನ್ನುವುದಿಲ್ಲ. ಆದರೆ ಆ ಪೆಟ್ಟಿಗೆಯ ಸುತ್ತ ಯಾವ ಹೂವಿದೆ, ಯಾವ ತಿಂಗಳಲ್ಲಿ ಹೂವೇ ಇರುವುದಿಲ್ಲ, ಆ ನೆಲವನ್ನು ಎಷ್ಟು ಸಲ ಉಳುತ್ತಾರೆ, ಅದಕ್ಕೆ ಯಾವ ಔಷಧಿ ಬೀಳುತ್ತದೆ, ಪೆಟ್ಟಿಗೆ ಬರುವ ಮುಂಚೆ ಅಲ್ಲಿ ಯಾವ ನೊಣಗಳು ಬದುಕುತ್ತಿದ್ದವು ಅನ್ನುವ ಪ್ರಶ್ನೆಗಳು ಸಾಮಾನ್ಯವಾಗಿ ಯಾವ ಅರ್ಜಿಯಲ್ಲೂ ಇರುವುದಿಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಆ ಪ್ರಶ್ನೆಗಳನ್ನು ಸೇರಿಸಿ ಅಂತ ಕೇಳುವುದಕ್ಕೆ.

ಪೆಟ್ಟಿಗೆ ಇಟ್ಟರೆ ಸಾಕು, ಪರಿಸರ ತಾನಾಗಿ ಸರಿಹೋಗುತ್ತದೆ ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ಜೇನು ಸಾಕುವವನಾಗಿ ಹೇಳುತ್ತೇನೆ, ಅದು ಪೂರ್ತಿ ನಿಜ ಅಲ್ಲ. ಸರಿಯಾಗಿ ಸಾಕಿದರೆ ಜೇನು ನೆಲಕ್ಕೆ ಒಳ್ಳೆಯದು ಮಾಡುತ್ತದೆ. ಕಣ್ಣು ಮುಚ್ಚಿಕೊಂಡು ಸಾಕಿದರೆ ಇದ್ದ ಒಳ್ಳೆಯದನ್ನೂ ಕೆಡಿಸಬಹುದು.

ಸಾಕುವ ಜೇನು ಜಗತ್ತಿನಲ್ಲಿ ಕಡಿಮೆಯಾಗುತ್ತಿಲ್ಲ. ಕೆಲವು ದೇಶಗಳಲ್ಲಿ ದೊಡ್ಡ ನಷ್ಟ ಆಗಿರುವುದು ಹೌದು, ಆದರೆ ಒಟ್ಟು ಲೆಕ್ಕ ತೆಗೆದರೆ 1961ರಿಂದ ಸುಮಾರು ಐದು ದಶಕಗಳಲ್ಲಿ ಸಾಕು ಜೇನು ಕುಟುಂಬಗಳ ಸಂಖ್ಯೆ ಶೇ. 45ರಷ್ಟು ಏರಿದೆ. ನಿಜವಾದ ಕಷ್ಟದಲ್ಲಿರುವುದು ಉಳಿದವು. ಜಗತ್ತಿನಲ್ಲಿ ಜೇನು ಗುಂಪಿಗೆ ಸೇರಿದ ಸುಮಾರು 20 ಸಾವಿರ ಜಾತಿಯ ನೊಣಗಳಿವೆ. ಅವುಗಳಲ್ಲಿ ನಾವು ಪೆಟ್ಟಿಗೆಯಲ್ಲಿ ಸಾಕುವುದು ಬೆರಳೆಣಿಕೆಯಷ್ಟು. ಹೆಚ್ಚಿನವು ಗುಂಪು ಕಟ್ಟುವುದಿಲ್ಲ, ರಾಣಿ ಇಲ್ಲ, ತುಪ್ಪ ಕೂಡಿಡುವುದಿಲ್ಲ. ಒಂಟಿಯಾಗಿ ಬದುಕುತ್ತವೆ. ಮತ್ತು ಅವುಗಳಲ್ಲಿ ನೂರಕ್ಕೆ ಸುಮಾರು 70 ಜಾತಿಗಳ ಮನೆ ಇರುವುದು ಮರದಲ್ಲಲ್ಲ, ಮಣ್ಣಿನೊಳಗೆ.

ಈ ಒಂದು ಸಂಗತಿ ಗೊತ್ತಾದರೆ ಜೇನಿಗೂ ಮಣ್ಣಿಗೂ ಏನು ಸಂಬಂಧ ಅನ್ನುವ ಪ್ರಶ್ನೆಯೇ ಉಳಿಯುವುದಿಲ್ಲ, ಅಲ್ವಾ?

ಒಂದು ನೆಲದ ಜೇನಿನ ಗೂಡನ್ನು ಹತ್ತಿರ ಕೂತು ನೋಡಿ. ಬಿಸಿಲು ಬೀಳುವ, ಹುಲ್ಲು ವಿರಳವಾಗಿರುವ ಜಾಗದಲ್ಲಿ ಪೆನ್ಸಿಲ್ ತೂರುವಷ್ಟು ದೊಡ್ಡ ತೂತು, ಸುತ್ತ ಸಣ್ಣ ಪುಡಿಮಣ್ಣಿನ ಗುಡ್ಡೆ. ಎಷ್ಟೋ ಜನ ಇರುವೆ ಗೂಡು ಅಂದುಕೊಂಡು ತುಳಿದು ಹೋಗುತ್ತಾರೆ, ಇನ್ನು ಕೆಲವರು ಔಷಧಿ ಪುಡಿ ಚೆಲ್ಲುತ್ತಾರೆ. ಸ್ವಲ್ಪ ಹೊತ್ತು ಕಾದರೆ ಕಾಲಿಗೆ ಪರಾಗ ಮೆತ್ತಿಕೊಂಡ ನೊಣ ಬಂದು ತಲೆ ಮುಂದೆ ಮಾಡಿ ಒಳಗೆ ಇಳಿಯುತ್ತದೆ. ಒಳಗೆ ಅದು ಒಬ್ಬಂಟಿಯಾಗಿ ಸುರಂಗ ತೋಡಿ, ಪಕ್ಕಕ್ಕೆ ಸಣ್ಣ ಕೋಣೆ ಮಾಡಿ, ಅನೇಕ ಜಾತಿಗಳಲ್ಲಿ ಆ ಕೋಣೆಯ ಗೋಡೆಗೆ ನೀರು ಇಳಿಯದ ಹಾಗೆ ತನ್ನ ಮೈಯಿಂದ ಬರುವ ಅಂಟನ್ನು ಬಳಿಯುತ್ತದೆ. ಪರಾಗವನ್ನು ಮಕರಂದದಲ್ಲಿ ಕಲಸಿ ಉಂಡೆ ಕಟ್ಟಿ ಇಡುತ್ತದೆ, ಅದರ ಮೇಲೆ ಒಂದು ಮೊಟ್ಟೆ ಇಟ್ಟು ಬಾಗಿಲು ಮುಚ್ಚುತ್ತದೆ. ತಾಯಿ ಕೆಲವೇ ವಾರ ಬದುಕುತ್ತದೆ. ಮರಿ ಎಷ್ಟೋ ಜಾತಿಗಳಲ್ಲಿ ವರ್ಷದ ಬಹುಪಾಲು ಆ ಮಣ್ಣಿನ ಕೋಣೆಯಲ್ಲೇ ಮಲಗಿರುತ್ತದೆ, ಮುಂದಿನ ಹೂವಿನ ಕಾಲಕ್ಕೆ ಮೇಲೆ ಬರುತ್ತದೆ. ಈ ಮಧ್ಯೆ ಆ ನೆಲಕ್ಕೆ ಏನು ಆಗುತ್ತದೋ ಅದೆಲ್ಲ ಆ ಮರಿಗೂ ಆಗುತ್ತದೆ. ನೇಗಿಲು ಬಂದರೆ ನೇಗಿಲು, ವಿಷ ಇಳಿದರೆ ವಿಷ.

ಈ ತೋಡುವ ಕೆಲಸದಿಂದ ಮಣ್ಣಿಗೂ ಲಾಭ ಇದೆ. ಗಾಳಿ ಒಳಗೆ ಹೋಗುತ್ತದೆ, ಮಳೆ ನೀರು ಇಳಿಯಲು ದಾರಿ ಆಗುತ್ತದೆ, ಕೆಳಗಿನ ಮಣ್ಣು ಮೇಲೆ ಬರುತ್ತದೆ. ಎರೆಹುಳುವಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ನೊಣಗಳ ಹೆಸರು ಯಾರೂ ಎತ್ತುವುದಿಲ್ಲ.

ಆದರೆ ಜೇನಿಂದ ಮಣ್ಣಿಗೆ ಸಿಗುವ ದೊಡ್ಡ ಉಪಕಾರ ಸುರಂಗದ್ದಲ್ಲ, ಬೀಜದ್ದು. ಹೂ ಬಿಡುವ ಗಿಡಗಳಲ್ಲಿ ಸುಮಾರು ಶೇ. 87 ಜಾತಿಗಳು ಪರಾಗಸ್ಪರ್ಶಕ್ಕೆ ಕೀಟ, ಹಕ್ಕಿ, ಬಾವಲಿಯಂಥ ಜೀವಿಗಳನ್ನು ನೆಚ್ಚಿಕೊಂಡಿವೆ. ಬೀಜ ಕಟ್ಟಿದರೆ ತಾನೇ ಮುಂದಿನ ವರ್ಷ ಬದುವಿನಲ್ಲಿ, ಇಳಿಜಾರಿನಲ್ಲಿ, ಬೀಳು ನೆಲದಲ್ಲಿ ಹಸಿರು ಏಳುವುದು? ಬೇರು ಇದ್ದರೆ ಮಣ್ಣು ಕೊಚ್ಚಿ ಹೋಗುವುದಿಲ್ಲ. ಎಲೆ ಉದುರಿದರೆ ಮಣ್ಣಿಗೆ ಆಹಾರ.

ಇದಕ್ಕೆ ನ್ಯೂಜಿಲೆಂಡಿನದು ಒಳ್ಳೆಯ ಉದಾಹರಣೆ. ಅಲ್ಲಿಗೆ ಹೋಗಿ ನೆಲೆಸಿದ ಬ್ರಿಟಿಷ್ ರೈತರು ಕೆಂಪು ಕ್ಲೋವರ್ ಎಂಬ ಮೇವಿನ ಗಿಡ ಬಿತ್ತಿದರು. ಅದು ದ್ವಿದಳ ಜಾತಿಯದು, ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಗಿಡ ಚೆನ್ನಾಗಿಯೇ ಬೆಳೆಯಿತು. ಬೀಜ ಮಾತ್ರ ಸರಿಯಾಗಿ ಕಟ್ಟಲಿಲ್ಲ. ಆ ಹೂವಿನ ಕೊಳವೆ ಉದ್ದ, ಸಾಕು ಜೇನಿನ ನಾಲಿಗೆ ಗಿಡ್ಡ. ಹಾಗಾಗಿ ಬೀಜವನ್ನು ಹಡಗಿನಲ್ಲಿ ತರಿಸಿಕೊಳ್ಳಬೇಕಾಗಿತ್ತು. ಕೊನೆಗೆ 1885ರಲ್ಲಿ ಇಂಗ್ಲೆಂಡಿನಿಂದ ಮೈತುಂಬ ರೋಮವಿರುವ, ಉದ್ದ ನಾಲಿಗೆಯ ದಪ್ಪ ಜೇನುಗಳಾದ ಬಂಬಲ್‌ಬೀಗಳನ್ನು ತಂದು ಬಿಟ್ಟ ಮೇಲೆ ಬೀಜ ಕಟ್ಟತೊಡಗಿತು. ಮಣ್ಣಿಗೆ ಸಾರಜನಕ ಕೊಡುವ ಗಿಡ ಒಂದು ನೊಣದ ನಾಲಿಗೆಯ ಉದ್ದಕ್ಕಾಗಿ ಕಾದಿತ್ತು.

ಹಾಗಂತ ಎಲ್ಲಿಂದಲೋ ನೊಣ ತಂದು ಬಿಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಚಿಲಿ ದೇಶ 1990ರ ದಶಕದ ಕೊನೆಯಲ್ಲಿ ಬೆಳೆಗಳ ಪರಾಗಸ್ಪರ್ಶಕ್ಕೆ ಅಂತ ಯುರೋಪಿನ ಬಂಬಲ್‌ಬೀ ಆಮದು ಮಾಡಿಕೊಂಡಿತು. ಅದು ಗಡಿ ದಾಟಿ ಅರ್ಜೆಂಟೀನಾಕ್ಕೂ ಹಬ್ಬಿತು, ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾದಲ್ಲಿ ಅಲ್ಲಿನದೇ ಆದ ದೊಡ್ಡ ಕೇಸರಿ ಬಣ್ಣದ ಬಂಬಲ್‌ಬೀ ಅನೇಕ ಕಡೆ ಕಾಣೆಯಾಯಿತು. ಒಂದು ಸಲ ಬಿಟ್ಟ ನೊಣವನ್ನು ವಾಪಸ್ ಕರೆಯಲು ಆಗುವುದಿಲ್ಲ. ಆಯಾ ನೆಲದ ಜೇನು ಆಯಾ ನೆಲದಲ್ಲಿ ಸಾಕುವುದು ಮೊದಲ ನಿಯಮ ಆಗಬೇಕು. ತುಪ್ಪ ಸ್ವಲ್ಪ ಕಡಿಮೆ ಬರಬಹುದು, ಬರಲಿ.

ಈಗ ಎಷ್ಟು ಪೆಟ್ಟಿಗೆ ಅನ್ನುವ ವಿಷಯ. ಇದನ್ನು ಹೇಳಿದರೆ ನನ್ನ ಜೊತೆಗಾರರೇ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಹೇಳಲೇಬೇಕು. ಹೂವಿನಲ್ಲಿರುವ ಪರಾಗ, ಮಕರಂದ ಎರಡಕ್ಕೂ ಮಿತಿ ಇದೆ. ಅಮೆರಿಕದ ಕೇನ್ ಮತ್ತು ಟೆಪೆಡಿನೊ ಎಂಬ ಇಬ್ಬರು ವಿಜ್ಞಾನಿಗಳು 2017ರಲ್ಲಿ ಒಂದು ಲೆಕ್ಕ ಹಾಕಿದರು. ಒಂದು ಬಲವಾದ ಕುಟುಂಬ ಮೂರು ತಿಂಗಳಲ್ಲಿ ಕೂಡಿಸುವ ಪರಾಗದಲ್ಲಿ ಸುಮಾರು 1 ಲಕ್ಷ ಒಂಟಿ ಜೇನು ಮರಿಗಳನ್ನು ಬೆಳೆಸಬಹುದು. ಇದು ಒಂದು ಪೆಟ್ಟಿಗೆಯ ಮಾತು. ನಲವತ್ತು ಪೆಟ್ಟಿಗೆ ಒಂದೇ ಕಡೆ ಇಳಿಸಿದರೆ 40 ಲಕ್ಷ ಮರಿಗಳ ಊಟ. ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯ ಕುರುಚಲು ಕಾಡಿನಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೇನು ಪೆಟ್ಟಿಗೆಗಳು ದಟ್ಟವಾಗಿದ್ದ ಕಡೆ ಕಾಡಿನ ಜೇನುಗಳು ಕಾಣಿಸುವುದು ಅರ್ಧಕ್ಕಿಂತ ಕಡಿಮೆ ಆಗಿತ್ತು. ಇದರ ಪರಿಣಾಮ ಪೆಟ್ಟಿಗೆಗಳಿಂದ ಸುಮಾರು ಒಂದು ಕಿಲೋಮೀಟರ್ ದೂರದವರೆಗೂ ಇತ್ತು. ಹೂ ಸಾಲದೆ ಹೋದಾಗ ಸಾಕು ಜೇನಿಗೂ ಮಕರಂದ ಕಡಿಮೆ ಸಿಕ್ಕಿತ್ತು. ಅಂದರೆ ಪೆಟ್ಟಿಗೆ ಜಾಸ್ತಿ ಇಟ್ಟವನಿಗೂ ನಷ್ಟವೇ.

ಹಾಗಾಗಿ ರಕ್ಷಿತ ಕಾಡಿನೊಳಗೆ, ಅಪರೂಪದ ಹೂಗಿಡಗಳಿರುವ ಹುಲ್ಲುಗಾವಲಿನೊಳಗೆ ಸಾಲುಸಾಲು ಪೆಟ್ಟಿಗೆ ಇಡಲು ಅನುಮತಿ ಕೊಡಬೇಡಿ. ಕಾಡಿನ ಅಂಚಿನಲ್ಲಿ, ಬೆಳೆಯ ನಡುವೆ, ಹಾಳು ಬಿದ್ದು ಮತ್ತೆ ಹಸಿರಾಗುತ್ತಿರುವ ನೆಲದಲ್ಲಿ ಇಡಿ, ಸಣ್ಣ ಗುಂಪುಗಳಲ್ಲಿ, ದೂರ ದೂರಕ್ಕೆ. ಒಂದು ಜಾಗಕ್ಕೆ ಎಷ್ಟು ಕುಟುಂಬ ಅನ್ನುವುದನ್ನು ಹೂವಿಲ್ಲದ ತಿಂಗಳಿನ ಮೇಲೆ ನಿರ್ಧರಿಸಬೇಕು. ಹೂ ಉಕ್ಕಿ ಹರಿಯುವ ತಿಂಗಳು ನೋಡಿ ಲೆಕ್ಕ ಹಾಕಿದರೆ ಉಳಿದ ತಿಂಗಳು ಸಕ್ಕರೆ ಪಾಕ ಸುರಿಯುತ್ತಾ ಕೂರಬೇಕಾಗುತ್ತದೆ. ಸಕ್ಕರೆ ಪಾಕದಲ್ಲಿ ಪರಾಗ ಇಲ್ಲ, ಮರಿ ಬೆಳೆಸುವ ಪ್ರೊಟೀನ್ ಇಲ್ಲ. ನಾವು ತೆಗೆಯುವುದು ಮೇಲಿನ ಜೇನು ಕೋಣೆಯದು ಮಾತ್ರ ಆಗಿರಲಿ, ಮರಿ ಬೆಳೆಯುವ ಕೆಳಗಿನ ಸಂಸಾರ ಕೋಣೆಯಲ್ಲಿ ಅವುಗಳು ತಮಗೆ ಅಂತ ಕೂಡಿಟ್ಟದ್ದು ಅವುಗಳಿಗೇ ಇರಲಿ.

ಜೇನು ಸಾಕುವ ಪ್ರತಿಯೊಬ್ಬರೂ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸ ಇದೆ. ಬೆಳಗ್ಗೆ ಪೆಟ್ಟಿಗೆ ಬಾಗಿಲ ಪಕ್ಕ ಕೂತು ಒಳಗೆ ಬರುವ ನೊಣಗಳ ಕಾಲು ನೋಡಿ. ಪರಾಗದ ಉಂಡೆ ಹಳದಿ, ಕಿತ್ತಳೆ, ಬಿಳಿ, ಬೂದು, ಹಸಿರು ಛಾಯೆ, ಕೆಲವು ಹೂವಿನದು ಗಾಢ ನೇರಳೆ ಕೂಡ. ಎಷ್ಟು ಬಣ್ಣ ಇದೆಯೋ ಸರಿಸುಮಾರು ಅಷ್ಟು ಬಗೆಯ ಗಿಡ ಸುತ್ತ ಹೂ ಬಿಟ್ಟಿವೆ ಅಂತ ಅರ್ಥ. ವಾರಗಟ್ಟಲೆ ಒಂದೇ ಬಣ್ಣ ಬರುತ್ತಿದ್ದರೆ ಆ ನೆಲದಲ್ಲಿ ಒಂದೇ ಬೆಳೆ ಉಳಿದಿರಬಹುದು. ಬರುವುದೇ ನಿಂತಿದ್ದರೆ ಅಲ್ಲಿ ಹಸಿವು ಶುರುವಾಗಿದೆ. ಪರಾಗದ ಪ್ರೊಟೀನ್ ಹೂವಿನಿಂದ ಹೂವಿಗೆ ತುಂಬಾ ಬೇರೆ. ಒಂದೇ ಬಗೆಯ ಪರಾಗ ತಿಂದ ಕುಟುಂಬಕ್ಕೆ ರೋಗ ತಡೆಯುವ ಶಕ್ತಿ ಕುಗ್ಗಬಹುದು. ಇದನ್ನು ತಿಂಗಳು ತಿಂಗಳು ಬರೆದಿಡಲು ನೀವು ಫಲಾನುಭವಿಗಳಿಗೆ ಹೇಳಿದರೆ ಒಂದೆರಡು ವರ್ಷದಲ್ಲಿ ನಿಮ್ಮ ಕೈಯಲ್ಲಿ ಇಡೀ ಪ್ರದೇಶದ ಹೂವಿನ ಪಟ್ಟಿಯೇ ಇರುತ್ತದೆ. ಯಾವ ತಿಂಗಳಿಗೆ ಯಾವ ಗಿಡ ನೆಡಬೇಕು ಅನ್ನುವುದಕ್ಕೆ ಬೇರೆ ಸಮೀಕ್ಷೆ ಬೇಕಾಗಿಲ್ಲ.

ಹೂವಿಲ್ಲದ ತಿಂಗಳು ಗೊತ್ತಾದ ಮೇಲೆ ಅದನ್ನು ತುಂಬುವ ದಾರಿ ಮಣ್ಣಿನ ಕೆಲಸವೂ ಹೌದು. ಹಸಿರೆಲೆ ಗೊಬ್ಬರದ ಬೆಳೆಗಳು, ಎರಡು ಬೆಳೆಗಳ ನಡುವೆ ನೆಲ ಮುಚ್ಚಲು ಹಾಕುವ ಸಾಸಿವೆ, ಬಕ್‌ವೀಟ್, ಕ್ಲೋವರ್, ಲೂಸರ್ನ್ ಎಂಬ ಮೇವಿನ ಬೆಳೆ, ಸೆಣಬು, ಇವೆಲ್ಲ ಹೂವಿನ ಬೆಳೆಗಳೇ. ಇಲ್ಲಿ ಒಂದು ತಿಕ್ಕಾಟ ಇದೆ, ಅದನ್ನು ಮುಚ್ಚಿಡಬಾರದು. ಮಣ್ಣಿಗೆ ಸೇರಿಸುವುದಾದರೆ ಹಸಿರೆಲೆ ಗೊಬ್ಬರವನ್ನು ಹೂ ಶುರುವಾಗುವ ಹೊತ್ತಿಗೇ ಸೇರಿಸಬೇಕು, ಆಗ ಗಿಡ ಎಳೆಯದು, ಬೇಗ ಕೊಳೆಯುತ್ತದೆ, ಸಾರಜನಕ ಬೇಗ ಸಿಗುತ್ತದೆ. ತಡ ಮಾಡಿದರೆ ಕಾಂಡ ಬಲಿತು ನಾರಾಗುತ್ತದೆ. ಜೇನಿಗೆ ಬೇಕಾಗಿರುವುದು ಅದರ ನಂತರದ ಎರಡು ಮೂರು ವಾರ. ಇದಕ್ಕೆ ಸುಲಭದ ದಾರಿ ಅಂದರೆ ಪೂರ್ತಿ ಹೊಲವನ್ನು ಒಂದೇ ದಿನ ಮಗುಚದೆ, ಅಂಚಿನಲ್ಲೋ ನಡುವಲ್ಲೋ ಪಟ್ಟಿ ಪಟ್ಟಿಯಾಗಿ ಬಿಡುವುದು. ಆ ಪಟ್ಟಿ ಪೂರ್ತಿ ಹೂ ಬಿಟ್ಟು ಬೀಜ ಕಟ್ಟಲಿ. ಜೇನಿಗೆ ಊಟ ಆಯಿತು, ಮುಂದಿನ ಬಿತ್ತನೆಗೆ ಬೀಜ ಆಯಿತು, ಉಳಿದ ಒರಟು ಕಾಂಡ ಮಣ್ಣಿನ ಮೇಲೆ ಹೊದಿಕೆ ಆಯಿತು. ಹಸಿರೆಲೆ ಗೊಬ್ಬರದ ಬೀಜಕ್ಕೆ ಸಹಾಯಧನ ಕೊಡುವ ಯೋಜನೆ, ಜೇನು ಪೆಟ್ಟಿಗೆಗೆ ಸಹಾಯಧನ ಕೊಡುವ ಯೋಜನೆ ಎರಡೂ ಬೇರೆ ಬೇರೆ ಮೇಜಿನಲ್ಲಿ ಕೂತಿದ್ದರೆ ಈ ಪಟ್ಟಿ ಬಿಡಿ ಅಂತ ರೈತನಿಗೆ ಹೇಳುವವರು ಯಾರು? ಎರಡನ್ನೂ ಒಂದೇ ಅರ್ಜಿಗೆ ತನ್ನಿ.

ಕಳೆ ಅನ್ನಿಸಿಕೊಳ್ಳುವ ಗಿಡಗಳ ಬಗ್ಗೆಯೂ ಸ್ವಲ್ಪ ತಾಳ್ಮೆ ಬೇಕು. ಬದುವಿನ ಮೇಲಿನ ಪುಟ್ಟ ಹೂಗಳು ಬೆಳೆಯ ಹೂವಿಲ್ಲದ ಕಾಲದಲ್ಲಿ ನೊಣಗಳನ್ನು ಕಾಪಾಡುತ್ತವೆ, ಬದು ಕುಸಿಯದ ಹಾಗೆ ಹಿಡಿದಿಡುತ್ತವೆ. ಅಲ್ಲಿಗೂ ಕಳೆನಾಶಕ ಹೊಡೆದರೆ ಎರಡೂ ಹೋಯಿತು. ಗ್ಲೈಫೋಸೇಟ್ ಎಂಬ ಕಳೆನಾಶಕ ನೊಣವನ್ನು ನೇರವಾಗಿ ಕೊಲ್ಲುವುದಿಲ್ಲ ಅಂತ ತುಂಬಾ ದಿನ ನಿಶ್ಚಿಂತೆಯಿಂದ ಇದ್ದರು. 2018ರಲ್ಲಿ ಬಂದ ಅಧ್ಯಯನ ಅದು ಜೇನುನೊಣದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಕಡಿಮೆ ಮಾಡುತ್ತದೆ ಅಂತ ತೋರಿಸಿತು.

ಉಳುಮೆ ಮತ್ತು ವಿಷ, ಈ ಎರಡರ ಬಗ್ಗೆ ಕುಂಬಳದ ಜೇನು ಹೇಳುವಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಲಾರರು. ಉತ್ತರ ಅಮೆರಿಕದಲ್ಲಿ ಕುಂಬಳ ಜಾತಿಯ ಹೂವಿನ ಪರಾಗವನ್ನೇ ನಂಬಿ ಬದುಕುವ ಒಂದು ಒಂಟಿ ಜೇನಿದೆ. ಹೂ ಅರಳುವ ನಸುಕಿನಲ್ಲೇ ಕೆಲಸ ಶುರು ಮಾಡುತ್ತದೆ, ಹೊಲದ ಮಣ್ಣಿನಲ್ಲೇ, ಗಿಡದ ಬುಡದ ಹತ್ತಿರವೇ ಗೂಡು ತೋಡುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಉಳುಮೆ ಮಾಡದ ಹೊಲಗಳಲ್ಲಿ ಈ ಜೇನು ಉಳುವ ಹೊಲಗಳಿಗಿಂತ ಮೂರು ಪಟ್ಟು ಜಾಸ್ತಿ ಇತ್ತು. ಆಮೇಲೆ ಕೆನಡಾದ ಒಂಟಾರಿಯೊದಲ್ಲಿ ಮೂರು ವರ್ಷದ ಪ್ರಯೋಗ ನಡೆಯಿತು. ನಾಟಿ ಮಾಡುವಾಗ ಮಣ್ಣಿಗೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹಾಕಿದ ಕಡೆ ಗೂಡುಗಳು ಶೇ. 85 ಕಡಿಮೆ, ಮರಿಗಳು ಶೇ. 89 ಕಡಿಮೆ. 2021ರಲ್ಲಿ ಇದು ಪ್ರಕಟವಾಯಿತು. ಎಲೆಗೆ ಸಿಂಪಡಿಸಿದ್ದಲ್ಲ, ಮಣ್ಣಿಗೆ ಹಾಕಿದ್ದು. ಹೂವಿನ ಮೇಲೆ ಸಿಂಪಡಿಸಬೇಡಿ, ಜೇನು ಸಾಯುತ್ತದೆ ಅಂತ ನಾವು ಹೇಳಿಕೊಡುತ್ತೇವೆ, ಆದರೆ ನೆಲದೊಳಗೆ ಮಲಗಿರುವ ಮರಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಬೀಜಕ್ಕೆ ಲೇಪಿಸಿ ಬರುವ, ನಿಯೋನಿಕೋಟಿನಾಯ್ಡ್ ಎಂಬ ಈ ಗುಂಪಿನ ಕೀಟನಾಶಕಗಳ ಬಹುಪಾಲು ಗಿಡಕ್ಕೆ ಹೋಗುವುದೇ ಇಲ್ಲ, ಮಣ್ಣಿನಲ್ಲಿ ಉಳಿಯುತ್ತದೆ, ನೀರಿನ ಜೊತೆ ಹರಿಯುತ್ತದೆ, ಪಕ್ಕದ ಬದುವಿನ ಕಾಡು ಹೂವಿನ ಪರಾಗದಲ್ಲೂ ಸಿಗುತ್ತದೆ. ಜರ್ಮನಿಯ ರೈನ್ ನದಿ ಕಣಿವೆಯಲ್ಲಿ 2008ರಲ್ಲಿ ಮೆಕ್ಕೆಜೋಳದ ಬಿತ್ತನೆ ಯಂತ್ರದಿಂದ ಎದ್ದ ಧೂಳಿನಲ್ಲಿದ್ದ ಅದೇ ಗುಂಪಿನ ಕ್ಲೋಥಿಯಾನಿಡಿನ್‌ನಿಂದ 11 ಸಾವಿರಕ್ಕೂ ಹೆಚ್ಚು ಜೇನು ಕುಟುಂಬಗಳಿಗೆ ಹಾನಿ ಆಯಿತು. ಯುರೋಪಿಯನ್ ಒಕ್ಕೂಟ 2018ರಲ್ಲಿ ಇಂಥ ಮೂರು ಔಷಧಿಗಳನ್ನು ಬಯಲಿನಲ್ಲಿ ಬಳಸುವುದನ್ನು ನಿಲ್ಲಿಸಿತು. ಬೇರೆ ಸರ್ಕಾರಗಳೂ ಕನಿಷ್ಠ ಇಷ್ಟು ಮಾಡಬಹುದು: ಕೀಟದ ಕಾಟ ಇದೆಯೋ ಇಲ್ಲವೋ ನೋಡದೆ ಎಲ್ಲ ಬೀಜಕ್ಕೂ ಮುಂಚೆಯೇ ಲೇಪಿಸಿ ಮಾರುವುದನ್ನು ತಡೆಯಬಹುದು. ಲೇಪಿಸದ ಬೀಜ ಬೇಕು ಅಂದವರಿಗೆ ಅದು ಸಿಗುವ ಹಾಗೆ ಮಾಡಬಹುದು. ರೈತರನ್ನು ದೂರಿ ಏನು ಪ್ರಯೋಜನ, ಚೀಲದಲ್ಲಿ ಬಂದದ್ದನ್ನು ಅವರು ಬಿತ್ತುತ್ತಾರೆ.

ಮಣ್ಣಿನ ಆರೋಗ್ಯದ ಬಗ್ಗೆ ಹೇಳುವವರು ನೆಲ ಒಂದು ಅಂಗುಲವೂ ಬರಿದಾಗಿರಬಾರದು ಅನ್ನುತ್ತಾರೆ. ಸರಿಯೇ. ಆದರೆ ನೆಲದ ಜೇನಿಗೆ ಅಲ್ಲಲ್ಲಿ ಬಿಸಿಲು ಬೀಳುವ ಬೋಳು ಜಾಗ ಬೇಕು. ದಪ್ಪ ಹೊದಿಕೆ ಹಾಕಿದರೆ, ಅದರಲ್ಲೂ ಪ್ಲಾಸ್ಟಿಕ್ ಹಾಸಿದರೆ, ಗೂಡಿಗೆ ಬಾಗಿಲೇ ಇಲ್ಲ. ಇದರಲ್ಲಿ ಯಾವುದೋ ಒಂದನ್ನೇ ಹಿಡಿಯಬೇಕಾಗಿಲ್ಲ. ನೀರು ನಿಲ್ಲದ, ಬಿಸಿಲು ಬೀಳುವ, ಕಾಲು ಓಡಾಡದ ಒಂದು ಮೂಲೆಯನ್ನು ಉಳದೆ, ಮುಚ್ಚದೆ, ಔಷಧಿ ತಾಗಿಸದೆ ಬಿಟ್ಟರೆ ಸಾಕು. ಉಳಿದ ಕಡೆ ಹೊದಿಕೆ ಇರಲಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಟೂಷೆ ಕಣಿವೆಯ ಲೂಸರ್ನ್ ಬೀಜ ಬೆಳೆಗಾರರು ಇದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆ ಅಂದರೆ, ನೆಲದ ಜೇನಿಗೆ ಅಂತಲೇ ಹೊಲದ ನಡುವೆ ಜಾಗ ಬಿಟ್ಟಿದ್ದಾರೆ. ಲೂಸರ್ನ್ ಹೂವಿಗೆ ಒಂದು ಗುಣ ಇದೆ, ನೊಣ ಕೂತ ಕೂಡಲೇ ಒಳಗಿನ ಕೇಸರ ಚಿಮ್ಮಿ ಅದರ ತಲೆಗೆ ಬಡಿಯುತ್ತದೆ. ಸಾಕು ಜೇನಿಗೆ ಇದು ಇಷ್ಟವಿಲ್ಲ, ಪಕ್ಕದಿಂದ ಮಕರಂದ ಹೀರಿ ಹೋಗಲು ಕಲಿತುಬಿಡುತ್ತದೆ. ಬೀಜ ಸರಿಯಾಗಿ ಕಟ್ಟುವುದಿಲ್ಲ. ಅಲ್ಲಿನ ಆಲ್ಕಲಿ ಬೀ ಎಂಬ ಒಂಟಿ ಜೇನು ಮಾತ್ರ ಇದಕ್ಕೆಲ್ಲ ಹೆದರದೆ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾಗಿರುವುದು ತೇವ ಇರುವ, ಮೇಲೆ ಉಪ್ಪು ಕಟ್ಟಿದ ಬೋಳು ನೆಲ. ಬೆಳೆಗಾರರು ನೆಲದಡಿ ಕೊಳವೆ ಹಾಕಿ ತೇವ ಕಾಯುತ್ತಾರೆ, ಮೇಲೆ ಉಪ್ಪು ಹಾಕುತ್ತಾರೆ, ಜೇನಿನ ಕಾಲದಲ್ಲಿ ಆ ರಸ್ತೆಗಳಲ್ಲಿ ವಾಹನ ನಿಧಾನ ಹೋಗಬೇಕು ಅಂತ ಫಲಕ ಇದೆ. ಆ ಕಣಿವೆಯಲ್ಲಿ ಗೂಡು ಮಾಡುವ ಹೆಣ್ಣು ನೊಣಗಳನ್ನು ವಿಜ್ಞಾನಿಗಳು ಅಂದಾಜು ಮಾಡಿದಾಗ ಒಂದೂವರೆ ಕೋಟಿಗಿಂತ ಜಾಸ್ತಿ ಇದ್ದವು. ಪೆಟ್ಟಿಗೆ ಇಲ್ಲ, ತುಪ್ಪ ಇಲ್ಲ, ಆದರೂ ಇದು ಜೇನು ಸಾಕಣೆಯೇ. ನಿಮ್ಮ ಯೋಜನೆಯಲ್ಲಿ ಇಂಥದಕ್ಕೂ ಜಾಗ ಇರಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಬೆಳೆಯ ಲೆಕ್ಕ ಬೇಕು ಅನ್ನುವವರಿಗೆ: 41 ಬೆಳೆ ಪದ್ಧತಿಗಳನ್ನು ಜಗತ್ತಿನ ಬೇರೆ ಬೇರೆ ಕಡೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಡು ಕೀಟಗಳ ಭೇಟಿ ಹೆಚ್ಚಾದಾಗ ಕಾಯಿ ಕಟ್ಟುವುದು, ಸಾಕು ಜೇನಿನ ಭೇಟಿ ಅಷ್ಟೇ ಹೆಚ್ಚಾದಾಗ ಆಗುವುದಕ್ಕಿಂತ ಎರಡು ಪಟ್ಟು ಏರಿತ್ತು. ಟೊಮೆಟೊ, ಬದನೆಯಂಥ ಹೂಗಳಿಗೆ ಗುಂಯ್‌ ಅಂತ ಮೈ ನಡುಗಿಸಿ ಪರಾಗ ಉದುರಿಸುವ ನೊಣ ಬೇಕು. ನಮ್ಮ ಪೆಟ್ಟಿಗೆಯ ಜೇನಿಗೆ ಅದು ಬರುವುದಿಲ್ಲ. ಸಾಕು ಜೇನು ಬೇಡ ಅಂತಲ್ಲ, ಅದೊಂದೇ ಸಾಲದು.

ಇನ್ನು ನಾವು ಜೇನು ಸಾಕುವವರು ನಮ್ಮ ಪೆಟ್ಟಿಗೆಯ ಅಡಿ ಏನು ಮಾಡುತ್ತಿದ್ದೇವೆ ಅನ್ನುವುದು. ಇರುವೆ ಬರದಿರಲಿ ಅಂತ ಸ್ಟ್ಯಾಂಡಿನ ಸುತ್ತ ಕೀಟನಾಶಕ ಪುಡಿ ಚೆಲ್ಲುವುದು, ಗಾಡಿಯ ಹಳೇ ಆಯಿಲ್ ಸುರಿಯುವುದು ಇವತ್ತಿಗೂ ನಿಂತಿಲ್ಲ. ಮಳೆ ಬಂದರೆ ಅದೆಲ್ಲ ಮಣ್ಣಿಗೆ. ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟು, ಹುಲ್ಲು ಪೆಟ್ಟಿಗೆಗೆ ತಾಗದ ಹಾಗೆ ಕೈಯಲ್ಲಿ ಸವರಿದರೆ ಮುಗಿಯಿತು. ಬಟ್ಟಲಿನ ನೀರು ಆಗಾಗ ಬದಲಿಸಬೇಕು, ಸೊಳ್ಳೆ ಆಗಬಾರದು, ಅಷ್ಟೇ ಕೆಲಸ.

ಪೆಟ್ಟಿಗೆ ಜೀರುಂಡೆಯದು ಇನ್ನೂ ಗಂಭೀರ. ಆಫ್ರಿಕಾ ಮೂಲದ ಈ ಸಣ್ಣ ಕಪ್ಪು ಜೀರುಂಡೆ 1998ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕಾಣಿಸಿಕೊಂಡು ಆಮೇಲೆ ಹಲವು ದೇಶಗಳಿಗೆ ಹಬ್ಬಿದೆ. ಇದರ ಮರಿಹುಳು ಎರಿಯಲ್ಲಿ, ಅಂದರೆ ನೊಣಗಳು ಕಟ್ಟಿದ ಮೇಣದ ಗೂಡಿನಲ್ಲಿ, ತಿಂದು ತೇಗಿ, ಕೋಶ ಕಟ್ಟಲು ಪೆಟ್ಟಿಗೆಯಿಂದ ಇಳಿದು ಮಣ್ಣಿಗೆ ಹೋಗುತ್ತದೆ. ಹೆಚ್ಚಿನವು ಪೆಟ್ಟಿಗೆ ಹತ್ತಿರದಲ್ಲೇ, ಮೇಲಿನ 10 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಅದಕ್ಕಾಗಿ ಪೆಟ್ಟಿಗೆ ಮುಂದಿನ ನೆಲಕ್ಕೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸುರಿಯುವ ರೂಢಿ ಬಂತು. ಜೀರುಂಡೆ ಸಾಯುತ್ತದೆ, ಜೊತೆಗೆ ಆ ಮಣ್ಣಿನಲ್ಲಿ ಓಡಾಡುವ ಉಳಿದ ಕೀಟಗಳೂ ಸಾಯುತ್ತವೆ. ಪರ್ಮೆಥ್ರಿನ್ ಜೇನಿಗೂ ವಿಷವೇ. ಇದರ ಬದಲು ಕೀಟಗಳನ್ನು ತಿನ್ನುವ ಸೂಕ್ಷ್ಮ ಜಂತುಹುಳುಗಳನ್ನು ನೀರಲ್ಲಿ ಕಲಸಿ ಮಣ್ಣಿಗೆ ಬಿಡಬಹುದು. ಹೆಟೆರೋರಾಬ್ಡಿಟಿಸ್, ಸ್ಟೈನರ್ನೀಮಾ ಅನ್ನುವ ಗುಂಪಿನವು ಈ ಕೆಲಸ ಮಾಡುತ್ತವೆ, ಅವು ಬದುಕಲು ಮಣ್ಣಲ್ಲಿ ತೇವ ಇರಬೇಕು. ಅದಕ್ಕಿಂತ ಮೊದಲು ಕುಟುಂಬ ಬಲವಾಗಿರಬೇಕು, ನೊಣಗಳು ಮುಚ್ಚಲಾರದಷ್ಟು ಎರಿ ಪೆಟ್ಟಿಗೆಯಲ್ಲಿ ಬಿಡಬಾರದು, ತೆಗೆದ ಎರಿಯನ್ನು ಅಲ್ಲೇ ಬಿಸಾಡಬಾರದು.

ಜೇನುನೊಣದ ಮೈಗೆ ಅಂಟಿಕೊಂಡು ಬದುಕುವ ವರೋವಾ ನುಸಿಗೆ ಪೆಟ್ಟಿಗೆಯೊಳಗೆ ನೇತು ಹಾಕುವ ರಾಸಾಯನಿಕ ಪಟ್ಟಿಗಳಲ್ಲಿರುವ ಫ್ಲುವಾಲಿನೇಟ್, ಕೌಮಾಫಾಸ್ ಮೇಣದಲ್ಲಿ ಕರಗಿ ಕೂರುತ್ತವೆ. ಆ ಮೇಣ ಕರಗಿಸಿ ಮತ್ತೆ ಹಾಳೆ ಮಾಡಿದರೂ ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತವೆ. ಫಾರ್ಮಿಕ್ ಆಮ್ಲ, ಆಕ್ಸಾಲಿಕ್ ಆಮ್ಲ, ಥೈಮಾಲ್ ಹೀಗೆ ವರ್ಷಗಟ್ಟಲೆ ಕೂರುವುದಿಲ್ಲ, ಆದರೆ ಸರಿಯಾದ ಪ್ರಮಾಣ, ಹವೆಯ ಬಿಸಿ, ಕೈಗವಸು ಎಲ್ಲ ನೋಡಿಕೊಂಡೇ ಬಳಸಬೇಕು. ಮೊದಲು ನುಸಿ ಎಷ್ಟಿದೆ ಅಂತ ಎಣಿಸಿ, ಆಮೇಲೆ ಔಷಧಿ. ಸುಮ್ನೆ ಕ್ಯಾಲೆಂಡರ್ ನೋಡಿ ಹಾಕುವುದು ಬೇಡ. ನುಸಿಯನ್ನು ಲಕ್ಷಿಸದೆ ಬಿಡುವುದೂ ತಪ್ಪು. ನುಸಿ ಹರಡುವ ರೆಕ್ಕೆ ಸೊಟ್ಟಗಾಗುವ ವೈರಸ್ ನಮ್ಮ ಪೆಟ್ಟಿಗೆಯಿಂದ ಕಾಡಿನ ಬಂಬಲ್‌ಬೀಗಳಿಗೂ ದಾಟುತ್ತದೆ ಅನ್ನುವುದಕ್ಕೆ ಪುರಾವೆ ಇದೆ. ನಮ್ಮ ರೋಗಿ ಕುಟುಂಬ ಕೂತ ಹೂವಿನ ಮೇಲೆ ಮುಂದಿನ ನಿಮಿಷ ಬೇರೆ ಯಾವುದೋ ನೊಣ ಕೂರುತ್ತದೆ. ಅದಕ್ಕೆ ಔಷಧಿ ಹಾಕುವವರು ಯಾರೂ ಇಲ್ಲ. ಪೆಟ್ಟಿಗೆಗಳನ್ನು ಊರಿಂದ ಊರಿಗೆ ಸಾಗಿಸುವವರು ರೋಗ ತಪಾಸಣೆ ಮಾಡಿಸಿಯೇ ಹೊರಡಬೇಕು ಅನ್ನುವ ನಿಯಮ ಬೇಕು, ಮತ್ತು ಆ ತಪಾಸಣೆ ಉಚಿತವಾಗಿರಬೇಕು, ಇಲ್ಲದಿದ್ದರೆ ಯಾರೂ ಮಾಡಿಸುವುದಿಲ್ಲ.

ಪೆಟ್ಟಿಗೆಯ ಹತ್ತಿರ ಆಳ ಇಲ್ಲದ ಪಾತ್ರೆಯಲ್ಲಿ ಕಲ್ಲು ಹಾಕಿ ಶುದ್ಧ ನೀರಿಡಿ. ಇಲ್ಲದಿದ್ದರೆ ಅವು ಔಷಧಿ ಹೊಡೆದ ಹೊಲದ ಕೆಸರು ನೀರಿಗೆ ಹೋಗುತ್ತವೆ. ಪೆಟ್ಟಿಗೆಯ ಮರಕ್ಕೆ ಗೆದ್ದಲು ಔಷಧಿ ಬಳಿಯಬೇಡಿ, ಹೊರಮೈಗೆ ಅಗಸೆ ಎಣ್ಣೆ ಸಾಕು.

ಅಧಿಕಾರಿಗಳೇ, ಕೇಳುವುದನ್ನು ಕೇಳಿಬಿಡುತ್ತೇನೆ. ಮುಂದಿನ ಸಲ ಪೆಟ್ಟಿಗೆಯ ಅರ್ಜಿ ಮುದ್ರಿಸುವಾಗ ಸುತ್ತಲಿನ ಒಂದು ಕಿಲೋಮೀಟರಿನಲ್ಲಿ ತಿಂಗಳುವಾರು ಯಾವ ಹೂವಿದೆ ಅನ್ನುವ ಕಾಲಂ ಹಾಕಿ. ಈಗಾಗಲೇ ಅಲ್ಲಿ ಎಷ್ಟು ಪೆಟ್ಟಿಗೆ ಇದೆ ಅಂತ ಕೇಳಿ. ಸಹಾಯಧನದ ಒಂದು ಪಾಲು ಗಿಡ ನೆಡಲು, ಬೀಜ ಕಟ್ಟುವ ತನಕ ಹೊಲದಲ್ಲಿ ಪಟ್ಟಿ ಬಿಡಲು, ಉಳದ ಮೂಲೆ ಉಳಿಸಲು ಮೀಸಲಿಡಿ. ತರಬೇತಿಯಲ್ಲಿ ಒಂದು ದಿನವನ್ನಾದರೂ ಪೆಟ್ಟಿಗೆ ತೆರೆಯದೆ ಬದುವಿನ ಮೇಲೆ, ನೆಲದ ಮೇಲೆ ಕಳೆಯಿರಿ, ಅಲ್ಲಿ ಬದುಕುವ ನೊಣಗಳನ್ನು ಗುರುತಿಸಲು ಕಲಿಸಿ. ಸಿಂಪಡಣೆ ಮಾಡುವ ರೈತ ಹಿಂದಿನ ದಿನವೇ ಅಕ್ಕಪಕ್ಕದ ಜೇನು ಸಾಕುವವರಿಗೆ ತಿಳಿಸುವ, ನೊಣಗಳು ಗೂಡು ಸೇರಿದ ಮೇಲೆ ಸಂಜೆ ಹೊಡೆಯುವ ಪದ್ಧತಿಯನ್ನು ಊರು ಊರಲ್ಲಿ ತನ್ನಿ. ವರ್ಷದ ಕೊನೆಯ ವರದಿಯಲ್ಲಿ ಹಂಚಿದ ಪೆಟ್ಟಿಗೆಯ ಸಂಖ್ಯೆಯ ಪಕ್ಕದಲ್ಲೇ, ಒಂದು ವರ್ಷ ಆದ ಮೇಲೆ ಎಷ್ಟು ಕುಟುಂಬ ಬದುಕಿವೆ ಅನ್ನುವುದನ್ನೂ ಬರೆಯಿರಿ. ಈ ಎರಡು ಸಂಖ್ಯೆಗಳ ನಡುವೆ ಎಲ್ಲಿ ದೊಡ್ಡ ಅಂತರ ಇದೆಯೋ, ಅಲ್ಲಿಗೆ ಹೊಸ ಪೆಟ್ಟಿಗೆ ಕಳಿಸುವ ಮುಂಚೆ ಮಣ್ಣು ಪರೀಕ್ಷೆ ಮಾಡುವವರನ್ನು ಕಳಿಸಿ.

ಇಂತಿ,
ಒಬ್ಬ ಜೇನು ಕೃಷಿಕ